ಬರಾಶ್ವಾ ದಂಡೆಯ ಜುಲೈ 14: ರೆಯೂನಿಯನ್ ದ್ವೀಪದಲ್ಲಿ ಹಬ್ಬ, ಊಟ, ಪಟಾಕಿ

ನಮ್ಮ ಯಜಮಾನರು ಸೋಮವಾರ ಮಾಂಸ ಮುಟ್ಟುವುದಿಲ್ಲ. ಈ ಸಲ ಜುಲೈ 14 ಸೋಮವಾರವೇ ಬಂದಿತ್ತು. ಫ್ರಾನ್ಸಿನ ರಾಷ್ಟ್ರೀಯ ಹಬ್ಬ. ಮನೆಮನೆಯಲ್ಲೂ ಕೋಳಿ, ಆಡು ಬೇಯುವ ದಿನ. ಒಬ್ಬರಿಗೆ ಮಾತ್ರ ಬೇರೆ ಅಡುಗೆ ಮಾಡಿ ಎಂದು ಹೇಗೆ ಕೇಳುವುದು ಅಂತ ನನಗೆ ಅಳುಕು. ಒಂಬತ್ತು ವರ್ಷದ ಮೊಮ್ಮಗಳು ಫ್ರೆಂಚಿನಲ್ಲಿ ನಿಧಾನವಾಗಿ ಹೇಳಿದಳು. ಫ್ರಾನ್ಸಿಗೆ ಸೇರಿದ ರೆಯೂನಿಯನ್ ದ್ವೀಪದಲ್ಲಿ ನಾವು ತಂಗಿದ್ದ ಮನೆಯ ಒಡತಿ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, 'ಕಾರೆಮ್' ಎಂದರು. ಅಷ್ಟೇ. ಮರುಪ್ರಶ್ನೆ ಇಲ್ಲ, ಮುಖದಲ್ಲಿ ಬೇಸರ ಇಲ್ಲ.

ಕಾರೆಮ್ ಅಂದರೆ ಕ್ರೈಸ್ತರ ಉಪವಾಸದ ದಿನಗಳು. ಆದರೆ ರೆಯೂನಿಯನ್‌ನಲ್ಲಿರುವ ತಮಿಳು ಮೂಲದ ಹಿಂದೂಗಳು ಪೂಜೆಗೆ ಮುಂಚೆ ಮಾಂಸ ಬಿಡುವುದಕ್ಕೂ ಅದೇ ಹೆಸರು ಹೇಳುತ್ತಾರೆ. ಅವರನ್ನು ಅಲ್ಲಿ 'ಮಲ್ಬಾರ್' ಎಂದು ಕರೆಯುತ್ತಾರೆ. ನಮ್ಮ ಮನೆಯೊಡತಿಯೂ ಮಲ್ಬಾರ್. ಅವರ ಅಜ್ಜನ ಅಜ್ಜ ಕಬ್ಬಿನ ಗದ್ದೆಯ ಕೂಲಿಗೆ ಮದ್ರಾಸಿನ ಕಡೆಯಿಂದ ಹಡಗು ಹತ್ತಿ ಬಂದವರಂತೆ. ಅವರಿಗೆ ತಮಿಳು ಬರುವುದಿಲ್ಲ. ದೇವರ ಮನೆಯಲ್ಲಿ ಮಾರಿಯಮ್ಮ ಇದ್ದಾಳೆ.

ಈಗ ನಮ್ಮ ವಿಷಯ ಸ್ವಲ್ಪ ಹೇಳುತ್ತೇನೆ. ನಾನು ಮಂಡ್ಯದಲ್ಲಿ 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಯಜಮಾನರು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದರು. ಇಬ್ಬರೂ ನಿವೃತ್ತರು. ಅವರಿಗೆ ಮಂಡಿನೋವು ಇದೆ, ಹೆಚ್ಚು ಹೊತ್ತು ನಿಲ್ಲಲಾರರು. ಮಗಳು ಅಳಿಯ ಮಾರಿಷಸ್‌ನಲ್ಲಿ ಐಟಿ ಕೆಲಸದಲ್ಲಿದ್ದಾರೆ. ಅಲ್ಲಿಂದ ರೆಯೂನಿಯನ್‌ಗೆ ವಿಮಾನದಲ್ಲಿ 45 ನಿಮಿಷ. ಶನಿವಾರ ಹೋಗಿ ಮಂಗಳವಾರ ಬಂದೆವು. ಈ ಪ್ರವಾಸದ ಬಗ್ಗೆ ವಿವರವಾಗಿ ಬರೆಯಲು ಕಾರಣ ಇದೆ. ಹೋಗುವ ಮುಂಚೆ ಕನ್ನಡದಲ್ಲಿ ಎಷ್ಟು ಹುಡುಕಿದರೂ ನನಗೆ ಏನೂ ಸಿಗಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ, ತಿನ್ನಲು ಏನು ಸಿಗುತ್ತದೆ, ಪಟಾಕಿಯನ್ನು ಎಲ್ಲಿ ಕೂತು ನೋಡಬೇಕು, ಇದನ್ನೆಲ್ಲ ಯಾರಾದರೂ ನಮ್ಮ ಭಾಷೆಯಲ್ಲಿ ಹೇಳಬೇಕಿತ್ತು.

ದ್ವೀಪ ತುಂಬ ದೊಡ್ಡದಲ್ಲ. 2,512 ಚದರ ಕಿಲೋಮೀಟರ್. ನಮ್ಮ ಮಂಡ್ಯ ಜಿಲ್ಲೆಯ ಅರ್ಧದಷ್ಟು. ಆದರೆ ಆ ಅರ್ಧದೊಳಗೆ 3,000 ಮೀಟರ್ ದಾಟಿದ ಶಿಖರ ಇದೆ, ಉರಿಯುವ ಜ್ವಾಲಾಮುಖಿ ಇದೆ. ಮಡಗಾಸ್ಕರ್‌ನ ಪೂರ್ವಕ್ಕೆ ಇದ್ದರೂ ಕಾನೂನಿನ ಪ್ರಕಾರ ಅದು ಫ್ರಾನ್ಸ್. 1946ರಲ್ಲಿ ವಸಾಹತು ಎನ್ನುವ ಹೆಸರು ಹೋಗಿ ಫ್ರಾನ್ಸಿನ ಒಂದು ಜಿಲ್ಲೆಯಾಯಿತು. ನಡೆಯುವ ದುಡ್ಡು ಯೂರೋ. ನೋಟಿನ ಹಿಂಬದಿಯ ಭೂಪಟದ ಕೆಳಗೆ ಪುಟ್ಟ ಚೌಕಗಳಿವೆಯಲ್ಲ, ಅದರಲ್ಲೊಂದು ಈ ದ್ವೀಪ. ಯೂರೋ ನೋಟು ಬಂದ 2002ರ ಜನವರಿ 1ರಂದು ಗಡಿಯಾರದ ಲೆಕ್ಕದಲ್ಲಿ ರೆಯೂನಿಯನ್ ಪ್ಯಾರಿಸ್‌ಗಿಂತ ಮುಂದಿತ್ತು. ಹಾಗಾಗಿ ಯೂರೋ ಕೊಟ್ಟು ಮೊದಲು ಕೊಂಡದ್ದು ಇಲ್ಲಿನ ಮಾರುಕಟ್ಟೆಯ ಲಿಚಿ ಹಣ್ಣನ್ನು. ಮೊಮ್ಮಗಳಿಗೆ ಈ ಕಥೆ ಬಹಳ ಇಷ್ಟವಾಯಿತು.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ದ್ವೀಪ ಶೆಂಗೆನ್ ವಲಯದೊಳಗಿಲ್ಲ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗಿಲ್ಲ. ಪ್ಯಾರಿಸ್‌ಗೆ ಅಂತ ಮಾಡಿಸಿದ ಶೆಂಗೆನ್ ವೀಸಾ ಇದೆ, ಸಾಕು ಅಂದುಕೊಂಡು ಹೊರಡಬೇಡಿ. ಇಲ್ಲಿಗೆ ಯಾವ ವೀಸಾ ಬೇಕು ಎಂದು ಕೇಳಿ, ಬೇರೆಯಾಗಿ ಅರ್ಜಿ ಹಾಕಿ. ಬೇಗ ಹಾಕಿ.

ತಂಗಿದ್ದ ಮನೆಗೆ ಬರುತ್ತೇನೆ. ನಾವು ಮೊದಲು ಬುಕ್ ಮಾಡಿದ್ದು ಸಮುದ್ರದ ಪಕ್ಕದ ಬೇರೊಂದು ಜಾಗ. ಹೊರಡಲು ಎರಡು ದಿನ ಇರುವಾಗ 'ತಾಂತ್ರಿಕ ತೊಂದರೆ, ರದ್ದಾಗಿದೆ' ಎಂದು ಸಂದೇಶ ಬಂತು. ಅಂದು ಸಂಜೆಯೇ ಅದೇ ಕೋಣೆ, ಅದೇ ದಿನಕ್ಕೆ, ಸುಮಾರು ಎರಡರಷ್ಟು ಬೆಲೆಗೆ ಕಾಣಿಸಿತು. ಹಬ್ಬದ ಸಮಯದಲ್ಲಿ ಹೀಗೆ ಮಾಡುವುದು ತಪ್ಪು. ವಯಸ್ಸಾದವರು, ಮಗು ಇರುವ ಕುಟುಂಬ ಕೊನೆ ಗಳಿಗೆಯಲ್ಲಿ ಎಲ್ಲಿಗೆ ಹೋಗಬೇಕು? ದುಡ್ಡು ವಾಪಸ್ ಬಂತು, ನಿಜ. ಆ ಎರಡು ರಾತ್ರಿಯ ಚಿಂತೆಯನ್ನು ಯಾರು ವಾಪಸ್ ತಗೋತಾರೆ? ಮಗಳ ಸಹೋದ್ಯೋಗಿಯೊಬ್ಬರು ಈ ಅಮ್ಮನ ನಂಬರ್ ಕೊಟ್ಟರು. ಮೂರೇ ಕೋಣೆಯ ಮನೆ. ಹೆಸರು ಬರೆಯಬೇಡಿ, ಫೋನ್ ಜಾಸ್ತಿ ಬಂದರೆ ನನ್ನೊಬ್ಬಳಿಂದ ಆಗಲ್ಲ ಎಂದು ಅವರೇ ಕೇಳಿಕೊಂಡರು. ಅದಕ್ಕೆ ಬರೆಯುತ್ತಿಲ್ಲ. ಇಂಥ ಮನೆಗಳಿಗೆ ಅಲ್ಲಿ 'ಶಾಂಬ್ರ್ ದೋತ್' ಎನ್ನುತ್ತಾರೆ. ಮನೆಯವರ ಜೊತೆಯಲ್ಲೇ ಕೂತು ಉಣ್ಣುವ ಏರ್ಪಾಟಿದ್ದರೆ 'ತಾಬ್ಲ್ ದೋತ್'. ಈ ಎರಡು ಪದ ಹಾಕಿ ಹುಡುಕಿದರೆ ದ್ವೀಪದ ಎಲ್ಲ ಕಡೆ ಸಿಗುತ್ತವೆ. ನನ್ನ ಸಲಹೆ ಇಷ್ಟೇ: ಹೋಟೆಲ್ ಬಿಡಿ, ಇಂಥ ಮನೆ ಹುಡುಕಿ.

ಒಂದು ಕೋಣೆಗೆ ರಾತ್ರಿಗೆ 85 ಯೂರೋ ಕೊಟ್ಟೆವು. ನಮ್ಮ ದುಡ್ಡಿನಲ್ಲಿ ಎಂಟೂವರೆ ಸಾವಿರದ ಹತ್ತಿರ. ಬೆಳಗಿನ ತಿಂಡಿ ಅದರಲ್ಲೇ. ರಾತ್ರಿ ಊಟ ತಲೆಗೆ 28 ಯೂರೋ, ಮಗುವಿಗೆ ಅರ್ಧ. ಕಡಿಮೆಯೇನಲ್ಲ. ಆದರೆ ಅಲ್ಲಿ ಹೊರಗೆ ಕೂತು ಉಂಡರೂ ಇಷ್ಟೇ ಆಗುತ್ತದೆ, ಹೀಗೆ ಕೈತುಂಬ ಬಡಿಸುವುದಿಲ್ಲ. ಹಾಸಿಗೆ ಶುಚಿ, ಬಿಸಿನೀರು ಸರಿಯಾಗಿ ಬರುತ್ತದೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆ. ಮಂಡಿನೋವಿನವರಿಗೆ ಆ ಕಂಬಿ ಎಷ್ಟು ಮುಖ್ಯ ಅಂತ ಅನುಭವಿಸಿದವರಿಗೇ ಗೊತ್ತು.

ಮನೆ ಇರುವುದು ರಾಜಧಾನಿ ಸೇನ್-ದೆನಿಯ ಮೇಲಿನ ಬೆಟ್ಟದಲ್ಲಿ, ಬ್ವಾ-ದ-ನೆಫ್ಲ್ ಎನ್ನುವ ಕಡೆ. ಅಲ್ಲಿಗೆ ಕೇಬಲ್ ಕಾರು ಹೋಗುತ್ತದೆ. ಹೆಸರು ಪಪಾಂಗ್. ದ್ವೀಪದ ಒಂದು ಗಿಡುಗದ ಹೆಸರದು. 2022ರಲ್ಲಿ ಶುರುವಾಯಿತು. ಕೆಳಗಿನ ಶೋದ್ರೋ ಬಡಾವಣೆಯಿಂದ ಮೇಲಿನವರೆಗೆ 2.7 ಕಿಲೋಮೀಟರ್, ಐದು ನಿಲ್ದಾಣ. ಪ್ರವಾಸಿಗರ ಆಟವಲ್ಲ ಅದು, ಊರಿನವರ ದಿನನಿತ್ಯದ ಬಸ್ಸಿನ ಹಾಗೆ. ನಮ್ಮ ಡಬ್ಬಿಯಲ್ಲಿ ಒಬ್ಬರು ಸೊಪ್ಪಿನ ಚೀಲ ಇಟ್ಟುಕೊಂಡು ಕೂತಿದ್ದರು. ಯಜಮಾನರು ಕಿಟಕಿಯಿಂದ ಕೆಳಗೆ ನೋಡಿ, ಈ ಊರಿನಲ್ಲಿ ಮೆಟ್ಟಿಲು ಹತ್ತುವ ಚಿಂತೆ ಇಲ್ಲ ಎಂದು ನೆಮ್ಮದಿಯಿಂದ ಹೇಳಿದರು.

ಬೆಳಗಿನ ತಿಂಡಿಯಲ್ಲಿ ನನ್ನ ಮನಸ್ಸು ಗೆದ್ದದ್ದು 'ಬೊಂಬೊಂ ಪಿಮಾಂ'. ಒಣ ಅವರೆ ಜಾತಿಯ ಕಾಳನ್ನು ನೆನೆಸಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿ, ತೂತಿನ ವಡೆ ಮಾಡಿ ಕರಿಯುತ್ತಾರೆ. ನಮ್ಮ ವಡೆಯ ತಂಗಿಯೇ. ಆದರೆ ಅಲ್ಲಿನವರು ಅದನ್ನು ಬೆಣ್ಣೆ ಸವರಿದ ಫ್ರೆಂಚ್ ಬ್ರೆಡ್ಡಿನೊಳಗೆ ಇಟ್ಟು ತಿನ್ನುತ್ತಾರೆ! ಮದ್ದೂರು ವಡೆ ತಿಂದು ಬೆಳೆದವಳು ನಾನು. ವಡೆಗೆ ಬ್ರೆಡ್ ಯಾಕೆ ಎಂದು ಮೊದಲು ಅನಿಸಿತು. ಎರಡನೇ ದಿನ ನಾನೇ ಕೇಳಿ ಹಾಗೆ ಮಾಡಿಸಿಕೊಂಡೆ. ಮೆತ್ತಗಿನ ಬೆಣ್ಣೆ, ಗರಿಗರಿ ವಡೆ, ನಾಲಗೆ ಚುರ್ ಅನ್ನುವ ಖಾರ. ಅಲ್ಲಿನ ಮೆಣಸಿನಕಾಯಿ ಸಣ್ಣದು, ಖಾರ ಬಹಳ. ಮಕ್ಕಳಿದ್ದರೆ ಮೊದಲೇ ಹೇಳಿ.

ಭಾನುವಾರ ಸೇನ್-ಆಂಡ್ರೆ ಕಡೆ ಹೋಗಿ ಬಂದೆವು. 'ಕಾರ್ ಜೋನ್' ಎನ್ನುವ ಹಳದಿ ಬಸ್ಸುಗಳು ದ್ವೀಪದ ಸುತ್ತ ಓಡುತ್ತವೆ. ಅದರಲ್ಲಿ ಇಳಿಯಬೇಕಾದರೆ ಚಪ್ಪಾಳೆ ತಟ್ಟಬೇಕು. ನಿಜವಾಗಿಯೂ ಜೋರಾಗಿ ಎರಡು ಸಲ ತಟ್ಟಿದರೆ ಚಾಲಕರು ಮುಂದಿನ ನಿಲ್ದಾಣದಲ್ಲಿ ನಿಲ್ಲಿಸುತ್ತಾರೆ. ದಾರಿಯುದ್ದಕ್ಕೂ ಕಬ್ಬು. ಜುಲೈ ಅಲ್ಲಿ ಚಳಿಗಾಲ, ಕಬ್ಬಿನ ಕಟಾವು ಶುರುವಾಗುವ ಕಾಲ. ಗದ್ದೆಯ ತುಂಬ ಸೂಲಂಗಿ, ಅಂದರೆ ಕಬ್ಬಿನ ಹೂವು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಯಜಮಾನರು ಮಾತಾಡಲಿಲ್ಲ, ಕಿಟಕಿಗೆ ಹಣೆ ಒತ್ತಿಕೊಂಡು ನೋಡುತ್ತಲೇ ಇದ್ದರು. ಮಂಡ್ಯದವರಿಗೆ ಸೂಲಂಗಿ ಅಂದರೆ ಕಬ್ಬು ಕಡಿಯಲು ತಡವಾಯಿತು, ಸಕ್ಕರೆ ಇಳಿಯುತ್ತದೆ ಎನ್ನುವ ಚಿಂತೆ. ಅಲ್ಲಿ ಜನ ಅದರ ಫೋಟೋ ತೆಗೆಯಲು ಕಾರು ನಿಲ್ಲಿಸುತ್ತಾರೆ.

ಇನ್ನು ಹಬ್ಬ.

ಫ್ರೆಂಚರು ಅದನ್ನು 'ಬಾಸ್ಟಿಲ್ ದಿನ' ಎಂದು ಕರೆಯುವುದಿಲ್ಲ. 'ಲೆ ಕತೋರ್ಜ್ ಜುಯೆ', ಅಂದರೆ ಜುಲೈ 14, ಅಷ್ಟೇ. 1789ರಲ್ಲಿ ಪ್ಯಾರಿಸ್ಸಿನ ಜನ ಬಾಸ್ಟಿಲ್ ಸೆರೆಮನೆಗೆ ನುಗ್ಗಿದ ದಿನ. ಮರುವರ್ಷ ಅದೇ ದಿನ ದೇಶದ ಒಗ್ಗಟ್ಟಿನ ದೊಡ್ಡ ಸಮಾವೇಶ ನಡೆಯಿತು. 1880ರಲ್ಲಿ ಕಾನೂನು ಮಾಡಿ ರಾಷ್ಟ್ರೀಯ ಹಬ್ಬವೆಂದು ಸಾರಿದರು. ಶಾಲೆಯಲ್ಲಿ ಇದನ್ನು ಸಮಾಜದ ಮೇಷ್ಟ್ರು ಪಾಠ ಮಾಡುವುದನ್ನು ಪಕ್ಕದ ಕೋಣೆಯಿಂದ ಎಷ್ಟೋ ವರ್ಷ ಕೇಳಿಸಿಕೊಂಡಿದ್ದೆ. ಅವತ್ತಿನ ಸ್ವಾತಂತ್ರ್ಯ ಈ ದ್ವೀಪಕ್ಕೆ ಯಾವಾಗ ಬಂತು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಅದನ್ನು ನನಗೆ ತಿಳಿಸಿದವರು ಮನೆಯೊಡತಿ. 1794ರಲ್ಲಿ ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತು. ಇಲ್ಲಿನ ಜಮೀನ್ದಾರರು ಜಾರಿಗೆ ಬರಲು ಬಿಡಲಿಲ್ಲ. ಕೊನೆಗೂ ಬಿಡುಗಡೆ ಬಂದದ್ದು 1848ರ ಡಿಸೆಂಬರ್ 20ಕ್ಕೆ. 60 ಸಾವಿರಕ್ಕೂ ಹೆಚ್ಚು ಜನ ಆ ದಿನ ಗುಲಾಮಗಿರಿಯಿಂದ ಹೊರಬಂದರು. ಬಿಡುಗಡೆಯಾದವರು ಮತ್ತೆ ಗದ್ದೆಗೆ ಹೋಗಲು ಒಪ್ಪದಿದ್ದಾಗ ನಮ್ಮ ಕಡೆಯಿಂದ ಕರಾರು ಕೂಲಿಗಳನ್ನು ಜಾಸ್ತಿ ಜಾಸ್ತಿ ತರಿಸಿಕೊಂಡರು. "ನಮಗೆ ಎರಡು ಹಬ್ಬ. ಜುಲೈ 14 ದೇಶದ್ದು, ಡಿಸೆಂಬರ್ 20 ದ್ವೀಪದ್ದು. ಎರಡಕ್ಕೂ ಅಡುಗೆ ಮಾಡ್ತೀನಿ" ಎಂದರು ಅವರು. ಅಕ್ಕಿ ಆರಿಸುತ್ತಾ ಹೇಳಿದ ಮಾತು. ಮೊಮ್ಮಗಳು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಡಿಸೆಂಬರ್ 20 ಅಲ್ಲಿ ಸರ್ಕಾರಿ ರಜೆ.

ಸೋಮವಾರ ಬೆಳಿಗ್ಗೆ ಬರಾಶ್ವಾ ಕಡೆ ಸೈನಿಕರ ಕವಾಯತು ನೋಡಿದೆವು. ಬರಾಶ್ವಾ ಅಂದರೆ ಸೇನ್-ದೆನಿಯ ಹಳೆಯ ಹಡಗುದಾಣದ ಜಾಗ, ಈಗ ಊರಿನವರು ಗಾಳಿ ಸೇವನೆಗೆ ಬರುವ ಕಡಲ ದಂಡೆ. ಹಳೆಯ ಫಿರಂಗಿಗಳು ಸಮುದ್ರಕ್ಕೆ ಮುಖ ಮಾಡಿ ನಿಂತಿವೆ. ವಿಮಾನ ಹಾರಿಸಿದ ರೋಲಾಂಡ್ ಗ್ಯಾರೋಸ್ ಅವರ ಪ್ರತಿಮೆಯೂ ಇದೆ. ಟೆನಿಸ್ ಪಂದ್ಯದ ಹೆಸರಿನಿಂದ ನಮಗೆ ಗೊತ್ತಿರುವ ಅವರು ಹುಟ್ಟಿದ್ದು ಇದೇ ಊರಲ್ಲಿ, 1888ರಲ್ಲಿ. ಕವಾಯತು ಚೆನ್ನಾಗಿತ್ತು. ಆದರೆ ಇದಕ್ಕೋಸ್ಕರವೇ ಯಾರೂ ಅಷ್ಟು ದೂರ ಹೋಗಬೇಕಿಲ್ಲ. ಸೈನಿಕರಿಗಿಂತ ಅಗ್ನಿಶಾಮಕ ದಳದವರಿಗೆ ಜನ ಜಾಸ್ತಿ ಚಪ್ಪಾಳೆ ತಟ್ಟಿದ್ದು ನನಗೆ ಹಿಡಿಸಿತು.

ನಮ್ಮ ಆಗಸ್ಟ್ 15 ಬೆಳಗಿನ ಹಬ್ಬ. ಬಾವುಟ ಹಾರಿಸಿ, ಮಕ್ಕಳಿಗೆ ಬೂಂದಿ ಹಂಚಿ, ಹತ್ತು ಗಂಟೆಗೆಲ್ಲ ಶಾಲೆಯ ಗೇಟು ಮುಚ್ಚುತ್ತಿದ್ದೆವು. ಇಲ್ಲಿನದು ಇರುಳಿನ ಹಬ್ಬ. ಒಂದು ಅನುಕೂಲವೂ ಇದೆ. ಪ್ಯಾರಿಸ್ಸಿನಲ್ಲಿ ಜುಲೈ ಅಂದರೆ ಬೇಸಿಗೆ, ಹತ್ತು ಗಂಟೆಯಾದರೂ ಬೆಳಕು ಪೂರ್ತಿ ಹೋಗಿರುವುದಿಲ್ಲ, ಪಟಾಕಿಗೆ ರಾತ್ರಿ ಹನ್ನೊಂದು ಆಗುತ್ತದೆ. ರೆಯೂನಿಯನ್‌ನಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆರೂವರೆಗೆ ಗಾಢ ಕತ್ತಲೆ. ನಾವು ಹೋದ ದಿನ ಎಂಟರ ಸುಮಾರಿಗೆ ಪಟಾಕಿ ಶುರುವಾಯಿತು. ಮಕ್ಕಳು, ಮುದುಕರು ನಿದ್ದೆಗೆಟ್ಟು ಕಾಯಬೇಕಿಲ್ಲ. ಪ್ಯಾರಿಸ್ಸಿಗೆ ಹೋಗುವುದಾ ಇಲ್ಲಿಗೆ ಬರುವುದಾ ಎಂದು ಯೋಚಿಸುವ ಹಿರಿಯರಿಗೆ ಈ ಒಂದು ಕಾರಣವೇ ಸಾಕು.

ನಾವು ಐದಕ್ಕೇ ದಂಡೆ ಸೇರಿದೆವು. ಮನೆಯೊಡತಿ, ಅವರ ತಮ್ಮ, ತಮ್ಮನ ಮಕ್ಕಳು, ನಾವು ಐದು ಜನ. ಮಡಚುವ ಕುರ್ಚಿ ಎರಡನ್ನು ಅವರೇ ತಂದಿದ್ದರು. ಒಂದರಲ್ಲಿ ಯಜಮಾನರನ್ನು ಕೂರಿಸಿ 'ಗ್ರಾಮೂನ್' ಎಂದರು. ದ್ವೀಪದವರ ಆಡುಮಾತಾದ ಕ್ರಿಯೋಲ್ ಭಾಷೆಯಲ್ಲಿ ಹಿರಿಯರಿಗೆ ಹೇಳುವ ಮರ್ಯಾದೆಯ ಮಾತು. ಆಮೇಲೆ ನೋಡುತ್ತೇನೆ, ಸುತ್ತ ಎಲ್ಲ ಕುಟುಂಬವೂ ಹೀಗೇ. ಚಾಪೆ, ಕುರ್ಚಿ, ಬಟ್ಟೆ ಸುತ್ತಿದ ದೊಡ್ಡ ದೊಡ್ಡ ಪಾತ್ರೆ. ಆ ಪಾತ್ರೆಗೆ 'ಮರ್ಮಿತ್' ಎನ್ನುತ್ತಾರೆ. ಭಾನುವಾರ ಬಂತೆಂದರೆ ದ್ವೀಪದ ಜನ ಮರ್ಮಿತ್ ಹೊತ್ತುಕೊಂಡು ಬೆಟ್ಟಕ್ಕೋ ಸಮುದ್ರಕ್ಕೋ ಹೋಗಿ ಬಿಸಿ ಅನ್ನ ಉಣ್ಣುತ್ತಾರೆ. ನಾವು ಜಾತ್ರೆಗೆ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವಲ್ಲ, ಅದೇ.

ಬಿಚ್ಚಿದ ಬುತ್ತಿಯಲ್ಲಿ ಇದ್ದದ್ದು: ಅನ್ನ, ಸಿಲಾವೋಸ್ ಕಣಿವೆಯ ಸಣ್ಣ ಮಸೂರದ ಸಾರು, ಸೀಮೆಬದನೆ ಚಿಗುರಿನ ಪಲ್ಯ, ತರಕಾರಿಗೆ ಅರಿಸಿನ ಹಾಕಿ ಮಾಡಿದ ಹಳದಿ 'ಅಶಾರ್', ಟೊಮೆಟೊ ಚಟ್ನಿಯಂಥ 'ರುಗಾಯ್'. ಇಷ್ಟೂ ಯಜಮಾನರಿಗೆ ನಡೆಯುತ್ತದೆ. ನಮಗೆ ಇನ್ನೊಂದು ಮರ್ಮಿತ್‌ನಲ್ಲಿ 'ಕಾಬ್ರಿ ಮಸಾಲೆ', ಆಡಿನ ಮಾಂಸದ್ದು. ಎರಡು ಪಾತ್ರೆಗೂ ಬೇರೆ ಬೇರೆ ಸೌಟು. ಅದನ್ನು ನಾವು ಕೇಳಿರಲಿಲ್ಲ, ಅವರೇ ನೆನಪಿಟ್ಟು ತಂದಿದ್ದರು. ಬಾಡೂಟದ ವಿಷಯದಲ್ಲಿ ಮಂಡ್ಯದವರನ್ನು ಒಪ್ಪಿಸುವುದು ಕಷ್ಟ. ಬನ್ನೂರು ಕುರಿಯ ಸಾರು ಉಂಡ ನಾಲಗೆ ನಮ್ಮದು. ಈ ಕಾಬ್ರಿ ಅಷ್ಟು ಮೆತ್ತಗಿರಲಿಲ್ಲ, ಆದರೆ ಮಸಾಲೆ ಹುರಿದ ಹದ ಸೊಗಸಾಗಿತ್ತು. ಮೆಂತ್ಯದ ಘಮ ಸ್ವಲ್ಪ ಮುಂದೆ, ಕೊತ್ತಂಬರಿ ಹಿಂದೆ. ಕಾಯಿ ಹಾಕುವುದಿಲ್ಲ. ನಾನು ಎರಡು ಸಲ ಬಡಿಸಿಕೊಂಡೆ.

ಸೀಮೆಬದನೆಗೆ ಅಲ್ಲಿ 'ಶುಶು' ಎಂಬ ಹೆಸರು. ನಮ್ಮ ಮಾರುಕಟ್ಟೆಯಲ್ಲೂ ಚೌಚೌ ಅನ್ನುತ್ತಾರಲ್ವಾ? ತಮಿಳರಿಗೂ ತೆಲುಗರಿಗೂ ಅದು ಬೆಂಗಳೂರು ಬದನೆ. ಎಲ್ಲಿಯ ಕಾಯಿ, ಎಲ್ಲೆಲ್ಲಿ ಹೋಗಿ ಯಾವ ಯಾವ ಹೆಸರು ಪಡೆದಿದೆ! ನಾವು ಕಾಯಿ ತಿಂದು ಬಳ್ಳಿ ಬಿಸಾಡುತ್ತೇವೆ. ಅವರು ಎಳೆಯ ಕುಡಿಯನ್ನೂ ಬೆಳ್ಳುಳ್ಳಿ ಹಾಕಿ ಬಾಡಿಸುತ್ತಾರೆ. ಊರಿಗೆ ಬಂದ ಮೇಲೆ ನಮ್ಮ ಹಿತ್ತಲಿನ ಬಳ್ಳಿಯಿಂದ ಮಾಡಿದೆ. ಚೆನ್ನಾಗಿ ಬಂತು.

ಅಡುಗೆ ತರದಿದ್ದರೂ ಚಿಂತೆ ಇಲ್ಲ. ದಂಡೆಯ ಹತ್ತಿರ ತಿಂಡಿ ಗಾಡಿಗಳಿರುತ್ತವೆ, 'ಕಾಮಿಯೋಂ ಬಾರ್' ಎನ್ನುತ್ತಾರೆ. ಸಮೋಸಾ ಸಿಗುತ್ತದೆ, ನಮ್ಮದಕ್ಕಿಂತ ಪುಟ್ಟದು, ತೆಳ್ಳಗೆ ಗರಿಗರಿ. ಒಳಗೆ ಏನಿದೆ ಎಂದು ಪ್ರತಿ ಸಲ ಕೇಳಿ. ಚೀಸ್ ಇರುತ್ತದೆ, ಕೋಳಿ ಇರುತ್ತದೆ, ಮೀನು ಇರುತ್ತದೆ, ದನದ್ದೂ ಇರುತ್ತದೆ. 'ಬುಶೋಂ' ಎನ್ನುವ ಆವಿಯಲ್ಲಿ ಬೇಯಿಸಿದ ಚೀನೀ ಕಡುಬು ಸಾಮಾನ್ಯವಾಗಿ ಹಂದಿಯದು. ಇನ್ನೊಂದು ಮಾತು, ಜುಲೈ 14ರಂದು ಬಹಳ ಅಂಗಡಿಗಳು ಮುಚ್ಚಿರುತ್ತವೆ. ನೀರು, ಹಣ್ಣು, ಔಷಧಿ ಹಿಂದಿನ ದಿನವೇ ತೆಗೆದಿಡಿ. ಸ್ವೆಟರ್ ಬೇಕೇ ಬೇಕು. ದ್ವೀಪ ಅಂದರೆ ಸೆಕೆ ಎಂದುಕೊಂಡು ಹೋದವರು ಸಂಜೆಯ ಗಾಳಿಗೆ ನಡುಗುತ್ತಾರೆ.

ಎಂಟಾಗುತ್ತಿದ್ದಂತೆ ದೀಪಗಳು ಆರಿದವು. ಅಷ್ಟು ಜನರ ಮಾತು ಒಟ್ಟಿಗೆ ನಿಂತಿತು. ಅಲೆಯ ಸದ್ದು ಆಗ ಕೇಳಿಸಿತು. ಅಷ್ಟು ಹೊತ್ತೂ ಅದು ಇತ್ತು, ನಮಗೆ ಕೇಳಿರಲಿಲ್ಲ.

ಮೊದಲನೆಯದು ಒಂದೇ ಒಂದು ಬಿಳಿ ಗೆರೆ. ಮೇಲೆ ಹೋಗಿ ಒಡೆಯಿತು. ಬೆಳಕು ಬಂದು ಎರಡು ಸೆಕೆಂಡಿನ ಮೇಲೆ ಸದ್ದು ಎದೆಗೆ ಬಡಿಯಿತು. ನನ್ನೊಳಗಿನ ಟೀಚರ್ ಎದ್ದು ಕೂತಳು. ಮೊಮ್ಮಗಳಿಗೂ ಆ ಮನೆಯ ಮಕ್ಕಳಿಗೂ ಎಣಿಸಲು ಹೇಳಿದೆ. ಬೆಳಕು ಕಂಡಾಗ ಶುರು, ಸದ್ದು ಕೇಳಿದಾಗ ನಿಲ್ಲಿಸಿ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎರಡು ಸೆಕೆಂಡಾದರೆ ಎಷ್ಟು? ನಾಲ್ಕು ಮಕ್ಕಳು, ಎರಡು ಭಾಷೆ, ಎಲ್ಲರೂ ಒಟ್ಟಿಗೆ ಎಣಿಸಿದರು. ಉತ್ತರ ಮೊದಲು ಹೇಳಿದ್ದು ಆ ಮನೆಯ ಚಿಕ್ಕ ಹುಡುಗ. ನಿವೃತ್ತಿಯಾಗಿ ಆರು ವರ್ಷವಾದ ಮೇಲೆ ಮತ್ತೆ ಒಂದು ತರಗತಿ ಸಿಕ್ಕಿತು ನನಗೆ, ಅದೂ ಸಮುದ್ರದ ದಂಡೆಯಲ್ಲಿ.

ಆಮೇಲೆ ಬಣ್ಣಗಳು. ಕೆಂಪು ಸ್ಟ್ರಾನ್ಷಿಯಂನದು, ಹಸಿರು ಬೇರಿಯಂನದು, ಹಳದಿ ಸೋಡಿಯಂನದು. ನೀಲಿ ತಾಮ್ರದ್ದು. ನೀಲಿ ತರಿಸುವುದು ಎಲ್ಲಕ್ಕಿಂತ ಕಷ್ಟ. ಬೆಂಕಿ ಸ್ವಲ್ಪ ಜಾಸ್ತಿ ಬಿಸಿಯಾದರೂ ಬಣ್ಣ ಕೊಡುವ ತಾಮ್ರದ ಸಂಯುಕ್ತ ಒಡೆದುಹೋಗುತ್ತದೆ, ಬಣ್ಣ ಪೇಲವವಾಗುತ್ತದೆ. ಫ್ರಾನ್ಸಿನ ಬಾವುಟದಲ್ಲೇ ನೀಲಿ ಇರುವುದರಿಂದ ಇಲ್ಲಿ ಅದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಅಂದು ಹಾರಿಸಿದವರ ಕೈಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ತಿಳಿನೇರಳೆಗೆ ತಿರುಗದ, ಕಣ್ಣಿಗೆ ನೀಲಿಯಾಗಿಯೇ ಕಂಡ ನೀಲಿ. ನೀರಿನ ಮೇಲೆ ಅದರ ನೆರಳು ಬಿದ್ದಾಗ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು 'ಓತೆ!' ಎಂದರು. ನಮ್ಮ 'ಅಬ್ಬಾ'.

ಇನ್ನೊಂದು ಒಳ್ಳೆಯದು, ಹೊಗೆ. ಜುಲೈ ತಿಂಗಳಲ್ಲಿ ಅಲ್ಲಿ ಆಗ್ನೇಯದ ಗಾಳಿ ಬಿಡದೆ ಬೀಸುತ್ತದೆ. ಸೇನ್-ದೆನಿ ದ್ವೀಪದ ಉತ್ತರ ದಂಡೆ. ಹಾಗಾಗಿ ಹೊಗೆಯೆಲ್ಲ ನಮ್ಮ ಮೇಲೆ ಬರದೆ ಕಡಲಿನ ಕಡೆಗೆ ಸರಿದು ಹೋಯಿತು. ದೀಪಾವಳಿಯ ಮರುದಿನ ಎದೆ ಕಟ್ಟಿಕೊಳ್ಳುವ ನನಗೆ ಒಂದು ಕೆಮ್ಮೂ ಬರಲಿಲ್ಲ. ಪ್ರತಿಯೊಂದು ಹೂವೂ ತೊಳೆದಿಟ್ಟ ಆಕಾಶದಲ್ಲಿ ಅರಳಿದ ಹಾಗಿತ್ತು.

ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮುಗಿಯುವಾಗಲೂ ಬಾಣಬಿರುಸು ಹಾರಿಸುತ್ತಿದ್ದರು. ನಾನು ಮೂರು ಸಲ ನೋಡಿದ್ದೇನೆ. ಅದು ದೊಡ್ಡದು, ವೈಭವದ್ದು. ಆದರೆ ಪಾಸು ಬೇಕು, ಸಾಲು ನಿಲ್ಲಬೇಕು, ಯಾರ ಸೀಟು ಎಲ್ಲಿ ಎನ್ನುವ ಲೆಕ್ಕ ಇದೆ. ಬರಾಶ್ವಾದಲ್ಲಿ ಟಿಕೆಟ್ ಇಲ್ಲ, ಪಾಸಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಎಂಬುದಿಲ್ಲ. ಮೊದಲು ಬಂದವರು ಚಾಪೆ ಹಾಸಿದರು. ತಡವಾಗಿ ಬಂದವರಿಗೆ ಚಾಪೆ ಮಡಚಿ ಜಾಗ ಮಾಡಿಕೊಟ್ಟರು. ಅಲ್ಲಿ ನಮಗೆ ಒಂದು ಗಳಿಗೆಯೂ ಪರದೇಶಿಗಳು ಅನ್ನಿಸಲಿಲ್ಲ. ನಾನು ಇಷ್ಟುದ್ದ ಬರೆಯುತ್ತಿರುವುದು ಈ ಒಂದು ಕಾರಣಕ್ಕೆ.

ಪಟಾಕಿ ಮುಗಿದ ಮೇಲೆ ಎದ್ದು ಹೋಗಬೇಡಿ. ಆಮೇಲಿನದು ನನಗೆ ಪಟಾಕಿಗಿಂತ ಜಾಸ್ತಿ ಹಿಡಿಸಿತು. ಸೆಗಾ, ಮಲೋಯಾ ಸಂಗೀತ ಶುರುವಾಯಿತು. ಮಲೋಯಾ ಗುಲಾಮರಾಗಿ ಬಂದವರ ಹಾಡು. ಬಹಳ ವರ್ಷ ಅದನ್ನು ಬಹಿರಂಗವಾಗಿ ಹಾಡಲು ಬಿಡುತ್ತಿರಲಿಲ್ಲ. 1980ರ ದಶಕದ ಮೊದಲಲ್ಲಿ ಆ ಅಡ್ಡಿ ಹೋಯಿತು, 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 'ರುಲೇರ್' ಎನ್ನುವ ದೊಡ್ಡ ಪೀಪಾಯಿ ಡೋಲಿನ ಮೇಲೆ ಕುದುರೆಯ ಮೇಲೆ ಕೂತ ಹಾಗೆ ಕೂತು ಬಡಿಯುತ್ತಾರೆ. ಇನ್ನೊಂದು 'ಕಯಾಂಬ್'. ಚಪ್ಪಟೆಯಾದ ತಟ್ಟೆ, ಒಳಗೆ ಬೀಜಗಳು. ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ಆಡಿಸಿದರೆ ಮೊರದಲ್ಲಿ ಅಕ್ಕಿ ಕೇರುವ ಸದ್ದು. ನಾನು ಕಣ್ಣು ಮುಚ್ಚಿದೆ. ನಮ್ಮಮ್ಮ ಜಗಲಿಯಲ್ಲಿ ಕೂತು ಕೇರುತ್ತಿದ್ದ ಸದ್ದು ಅದು, ಒಂದು ಎಳೆ ವ್ಯತ್ಯಾಸ ಇಲ್ಲ.

ಕಯಾಂಬ್ ಬಾರಿಸುತ್ತಿದ್ದ ಹುಡುಗ ವಿರಾಮದಲ್ಲಿ ಅದನ್ನು ಯಜಮಾನರ ಕೈಗೆ ಕೊಟ್ಟ. ಅವರು ತಿರುಗಿಸಿ ನೋಡಿ, ಬೆರಳಲ್ಲಿ ಸವರಿ, "ಇದು ಸೂಲಂಗಿ ಕಡ್ಡಿ ಕಣೇ!" ಎಂದರು. ಹೌದು, ಕಬ್ಬಿನ ಹೂವಿನ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಅದನ್ನು ಕಟ್ಟುತ್ತಾರೆ. 36 ವರ್ಷ ಕಬ್ಬಿನ ಹಾಲಿನ ಸಿಹಿ ಅಳೆದ ಮನುಷ್ಯ. ಸೂಲಂಗಿಯಿಂದ ಹಾಡು ಬರುತ್ತದೆ ಎಂದು ಅವರಿಗೆ ಅಂದೇ ಗೊತ್ತಾದದ್ದು. ಮಂಡಿನೋವಿನವರು ಎದ್ದು ನಿಂತರು. ಕುಣಿಯಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡು ತಾಳ ಹಾಕುತ್ತಾ ಅರ್ಧ ಗಂಟೆ ನಿಂತೇ ಇದ್ದರು.

ಕುಂದುಗಳನ್ನೂ ಹೇಳಬೇಕು. ಶೌಚಾಲಯದ ಮುಂದೆ ಸಾಲು ಉದ್ದವಿತ್ತು, ಹಿರಿಯರಿಗೆ ಕಷ್ಟ. ಬೇಗ ಹೋಗಿ ಬಂದುಬಿಡಿ. ವಾಪಸ್ ಬರುವಾಗ ಮಗಳು ಕರೆಸಿದ ಬಾಡಿಗೆ ಕಾರಿನವರು ಮೊದಲು ಹೇಳಿದ ದರವನ್ನು ಹತ್ತಿದ ಮೇಲೆ ಏರಿಸಿದರು. ಇಳಿದು ಬೇರೆ ಹುಡುಕಲು ಆ ಹೊತ್ತಿನಲ್ಲಿ ಆಗಲಿಲ್ಲ, ಕೊಟ್ಟೆವು. ಮನೆಯೊಡತಿಯ ತಮ್ಮನಿಗೆ ಮರುದಿನ ಇದು ಗೊತ್ತಾಗಿ, ಎರಡು ಸಲ ಕಾರು ತಿರುಗಿಸಿಯಾದರೂ ನಾನೇ ಬಿಡುತ್ತಿದ್ದೆನಲ್ಲ ಎಂದು ಬಹಳ ನೊಂದುಕೊಂಡರು. ನೀವು ಹೋಗುವುದಾದರೆ ವಾಪಸ್ಸಿನ ಏರ್ಪಾಟನ್ನು ಮಧ್ಯಾಹ್ನವೇ ಮಾಡಿಕೊಳ್ಳಿ. ದರವನ್ನು ಬರೆದು ಕಳಿಸಲು ಹೇಳಿ. ಪಟಾಕಿಯ ಜಾಗ, ಹೊತ್ತು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಅಲ್ಲಿ ಒಂದೊಂದು ಊರಿನ ಪುರಸಭೆಯೂ ತನ್ನ ಹಬ್ಬ ತಾನೇ ಮಾಡುತ್ತದೆ. ಮನೆಯವರನ್ನೇ ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಒಟ್ಟು ಅಂಕ: ಮನೆಗೆ ಐದಕ್ಕೆ ಐದು. ಊಟಕ್ಕೆ ಐದು. ಬರಾಶ್ವಾದ ಹಬ್ಬಕ್ಕೆ ನಾಲ್ಕೂವರೆ, ಆ ಅರ್ಧ ಕಳೆದದ್ದು ಹಿರಿಯರಿಗಾದ ಓಡಾಟದ ತೊಂದರೆಗೆ.

ಹೊರಡುವ ಬೆಳಿಗ್ಗೆ ಮನೆಯೊಡತಿ ಹಿತ್ತಲಿಗೆ ಕರೆದುಕೊಂಡು ಹೋಗಿ ನುಗ್ಗೆ ಮರ ತೋರಿಸಿದರು. ಅಲ್ಲಿ ಅದಕ್ಕೆ 'ಮುರುಂಗ್'. ಸೊಪ್ಪನ್ನು ಅನ್ನದ ಜೊತೆ ತಿಳಿಸಾರು ಮಾಡುತ್ತಾರಂತೆ. ನಾವು ಬೇಳೆ ಹಾಕಿ, ಕಾಯಿ ಹಾಕಿ ಪಲ್ಯ ಮಾಡುತ್ತೇವೆ, ರಾಗಿ ಮುದ್ದೆಗೆ ಬಸ್ಸಾರು ಮಾಡುತ್ತೇವೆ ಎಂದು ಮೊಮ್ಮಗಳ ಕೈಲಿ ಹೇಳಿಸಿದೆ. ರಾಗಿಗೆ ಫ್ರೆಂಚಿನಲ್ಲಿ ಏನೆನ್ನುತ್ತಾರೆಂದು ಅವಳಿಗೆ ಹೊಳೆಯಲಿಲ್ಲ. ಮುಂದಿನ ಜುಲೈಗೆ ಅದೇ ಕೋಣೆ ಹಿಡಿದಿಟ್ಟಿದ್ದೇವೆ. ಒಂದು ಕಿಲೋ ರಾಗಿ ಹಿಟ್ಟು ತರುತ್ತೇನೆ, ಆ ದಿನದ ಅಡುಗೆ ನನ್ನದು ಎಂದು ಹೇಳಿ ಬಂದಿದ್ದೇನೆ.